ಕುಷ್ಠ ವಾಸಿಯಾದ ಮೇಲೆ ಕಾಲಿನ ಆರೈಕೆ: ನನ್ನ ಅನುಭವ

ಕುಷ್ಠರೋಗಕ್ಕೆ ಮಾತ್ರೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. 6 ತಿಂಗಳೋ 12 ತಿಂಗಳೋ ತಪ್ಪದೆ ನುಂಗಿದರೆ ರೋಗ ವಾಸಿ. ಆದರೆ ತಡವಾಗಿ ಬಂದವರ ನರ ಅಷ್ಟರಲ್ಲೇ ಕೆಟ್ಟಿರುತ್ತದೆ. ಅಂಗಾಲಿಗೆ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ನನ್ನ ಕೆಲಸ ಶುರುವಾಗುವುದೇ ಮಾತ್ರೆ ಮುಗಿದ ಮೇಲೆ.

ನಾನು ಮಂಗಳೂರಲ್ಲಿ ನರ್ಸಿಂಗ್ ಓದಿದವಳು. ಈಗ ರಾಯಚೂರು ಕಡೆ, ಕನ್ಯಾಸ್ತ್ರೀಯರು ನಡೆಸುವ ಒಂದು ಸಣ್ಣ ದವಾಖಾನೆಯಲ್ಲಿದ್ದೇನೆ. ಮಂಗಳೂರಿನವರಿಗೆ ಕಂಕನಾಡಿ ಅಂದರೆ ಫಾದರ್ ಮುಲ್ಲರ್ ಆಸ್ಪತ್ರೆ ಅಲ್ವಾ? ಜರ್ಮನಿ ಮೂಲದ ಜೆಸ್ವಿಟ್ (ಯೇಸು ಸಭೆಯ) ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆಂದೇ ಆಸ್ಪತ್ರೆ ತೆರೆದರು. ಆಗ ಈ ರೋಗವನ್ನು ಗುಣಪಡಿಸುವ ಮದ್ದೇ ಇರಲಿಲ್ಲ. ಆದರೂ ಗಾಯ ತೊಳೆಯಬಹುದು, ಊಟ ಹಾಕಬಹುದು, ಒಂದು ಸೂರು ಕೊಡಬಹುದು. ಈಗ ಮದ್ದು ಬಂದಿದೆ, ಗಾಯ ತೊಳೆಯುವ ಕೈ ಸಾಲದಾಗಿದೆ. 2005ರ ಕೊನೆಗೆ ದೇಶಮಟ್ಟದಲ್ಲಿ 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಗುರಿ ಮುಟ್ಟಿತು. ಅದು ದೊಡ್ಡ ಸಾಧನೆಯೇ. ಆದರೆ ರೋಗ ಹೋದರೂ ಜೋಮು ಹಿಡಿದ ಕಾಲು ಜೀವಮಾನವಿಡೀ ಜೊತೆಗಿರುತ್ತದೆ.

ನಾವು ಮಾಡುವುದು ಇಷ್ಟು. ವಾರಕ್ಕೊಮ್ಮೆ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸುತ್ತೇವೆ. ನಾವು ಕೆಳಗೆ, ಮಣೆಯ ಮೇಲೆ. ಯೇಸು ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಚರ್ಚಿನಲ್ಲಿ ಪಾದ ತೊಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದರ ಅರ್ಥ ನನಗೆ ಈ ಮಣೆಯ ಮೇಲೆ ಕೂತು ಕೆಲಸ ಮಾಡುವಾಗಲೇ ಹತ್ತಿರವಾಯಿತು.

ಕಾಲನ್ನು ಸುಮಾರು 20 ನಿಮಿಷ ನೀರಲ್ಲಿ ನೆನೆಸಬೇಕು. ತಣ್ಣೀರೇ ಆಗಬೇಕು. ಬಿಸಿನೀರು ಬೇಡವೇ ಬೇಡ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಗಟ್ಟಿಯಾದ ಚರ್ಮ ಮೆತ್ತಗಾದ ಮೇಲೆ ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ತೆರೆದ ಗಾಯದ ಮೇಲೆ ಉಜ್ಜಬಾರದು. ಆಮೇಲೆ ಪೂರ್ತಿ ಒರೆಸದೆ, ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿದರೆ ತೇವ ಒಳಗೇ ನಿಲ್ಲುತ್ತದೆ, ಚರ್ಮ ಬಿರಿಯುವುದಿಲ್ಲ. ಕೊನೆಗೆ ಒಂದು ಸಣ್ಣ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು. ಇದನ್ನು ದಿನಾ ಮನೆಯಲ್ಲಿ ಅವರೇ ಮಾಡಬೇಕು. ಕಲಿಸುವುದಷ್ಟೇ ನಮ್ಮ ಪಾಲು.

ಚಪ್ಪಲಿಯನ್ನೂ ತಿರುಗಿಸಿ ನೋಡುತ್ತೇನೆ. ಒಬ್ಬ ಅಜ್ಜನ ಚಪ್ಪಲಿಯಲ್ಲಿ ಮೊಳೆಯೊಂದು ಅಟ್ಟೆ ದಾಟಿ ಮೇಲೆ ಬಂದಿತ್ತು. ಅದರ ಮೇಲೇ ಹೊಲ ಸುತ್ತಿ ಬಂದಿದ್ದರು! ಅದಕ್ಕೇ ಇವರಿಗೆ ಮೊಳೆ ಹೊಡೆಯದ, ಒಳಗೆ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್, ಅಂದರೆ ಸ್ಪಂಜಿನಂಥ) ರಬ್ಬರ್ ಇರುವ, ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು.

ತುಂಬಾ ಕಷ್ಟದ ಮಾತು ಅಂದರೆ ವಿಶ್ರಾಂತಿ. ಅಂಗಾಲಿನ ಹುಣ್ಣಿಗೆ ಭಾರ ಬೀಳದಿದ್ದರೆ ಅರ್ಧ ವಾಸಿಯಾದಂತೆ. "ನೋವೇ ಇಲ್ಲಲ್ರೀ ಸಿಸ್ಟರ್, ಮತ್ಯಾಕ ಮಲಕ್ಕೊಂಡಿರಬೇಕು?" ಅಂತ ಆ ಅಜ್ಜ ಕೇಳಿದರು. ಕೂಲಿ ಬಿಟ್ಟರೆ ಒಲೆ ಉರಿಯುವುದು ಹೇಗೆ? ಸುಮ್ನೆ ಡ್ರೆಸ್ಸಿಂಗ್ ಮಾಡಿ ಕಳಿಸಿದ್ದರೆ ಹುಣ್ಣು ಮೂಳೆಗೆ ಇಳಿಯುತ್ತಿತ್ತು. ನಮ್ಮ ಮದರ್, ಅಂದರೆ ಕನ್ಯಾಸ್ತ್ರೀಯರ ಹಿರಿಯರು, ಅಜ್ಜನ ಮನೆಗೆ ಜೋಳ, ಬೇಳೆ ಕಳಿಸಿದರು. ಅಜ್ಜ ಒಪ್ಪಿ ಮಲಗಿದರು, ಹುಣ್ಣು ಮುಚ್ಚಿತು. ಬಡವರ ಗಾಯಕ್ಕೆ ಬ್ಯಾಂಡೇಜಿನಷ್ಟೇ ರೇಷನ್ನೂ ಔಷಧ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಈಗ ಸಕ್ಕರೆ ಕಾಯಿಲೆಯವರನ್ನೂ ಇದೇ ಗುಂಪಿಗೆ ಸೇರಿಸಿದ್ದೇವೆ. ಅವರ ಕಾಲಿಗೂ ಜೋಮು, ಅವರಿಗೂ ಇದೇ ಪಾಠ. ಮೊದಮೊದಲು ದೂರ ಕೂರುತ್ತಿದ್ದರು. ಮಾತ್ರೆ ತಿಂದು ಮುಗಿಸಿದವರಿಂದ ರೋಗ ಹರಡುವುದಿಲ್ಲ ಅಂತ ಎಷ್ಟು ಸಲ ಹೇಳಿದೆವೋ! ಈಗ ಒಂದೇ ಬೆಂಚು. ಮುಂದೆ ಕಣ್ಣಿನ ತಪಾಸಣೆಯನ್ನೂ ಶುರು ಮಾಡಬೇಕು. ಕುಷ್ಠದಿಂದ ನರ ಕೆಟ್ಟು ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚಲಾಗದವರು ನಮ್ಮಲ್ಲಿದ್ದಾರೆ, ಧೂಳಿನ ಊರು ಬೇರೆ.