ಬಣ್ಣವಿಲ್ಲದ ಎರಡು ಬಾವುಟ

ಧಾರವಾಡದ ಹತ್ತಿರ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಹೊಲಿಯುತ್ತಾರೆ. ಇದೇ ಕಡೆಯವನಾದ ನನಗೆ ಧ್ವಜದ ಮೇಲೊಂದು ಕೃತಿ ಮಾಡುವ ಆಸೆ ಮೊದಲಿಂದಲೂ ಇತ್ತು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್‌ಗೂ ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟರು. ಖಾದಿಯೇ ಬೇಕು ಅನ್ನುವವರು ಒಂದು ಕಡೆ, ಯಾವುದಾದರೇನು ಹಾರಿದರೆ ಸಾಕು ಅನ್ನುವವರು ಇನ್ನೊಂದು ಕಡೆ. ಬಟ್ಟೆ ನೋಡಿ ಪಕ್ಷ ಹೇಳುವ ಕಾಲ ಬಂತಲ್ಲ ಅನ್ನಿಸಿತು.

ಕೆಂಪು ಚೆಲ್ಲಿ, ಮುಳ್ಳುತಂತಿ ಸುತ್ತಿದ ಕೃತಿಗಳು ನನಗೆ ಹಿಡಿಸುವುದಿಲ್ಲ. ನೋಡುವವರು ಬರುವ ಮೊದಲೇ ತೀರ್ಪು ಹೇಳಿ ಮುಗಿಸಿರುತ್ತವೆ. ಅಮೆರಿಕದ ಕಲಾವಿದ ಜಾಸ್ಪರ್ ಜಾನ್ಸ್ 1955ರಲ್ಲಿ ತಮ್ಮ ದೇಶದ ಬಾವುಟವನ್ನು ಪೂರ್ತಿ ಬಿಳಿಯಲ್ಲೇ ಮಾಡಿದ್ದರು. ನನಗೆ ದಾರಿ ಸಿಕ್ಕಿದ್ದು ಅಲ್ಲಿ. ನಮ್ಮಲ್ಲಿ ರಾಷ್ಟ್ರಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯೂ ಇದೆ, ಅದು ಧ್ವಜದ ಚಿತ್ರವನ್ನೂ ಧ್ವಜವೆಂದೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಬಣ್ಣ ಬಿಟ್ಟೆ, ಚಕ್ರ ಬಿಟ್ಟೆ. ಅಳತೆ ಮಾತ್ರ ಇಟ್ಟುಕೊಂಡೆ: 900 × 600 ಮಿ.ಮೀ. ಅಂದರೆ 200 ಮಿ.ಮೀ. ಅಗಲದ ಮೂರು ಬಿಳಿ ಪಟ್ಟಿ. ಖಾದಿಯದ್ದೊಂದು, ಪಾಲಿಯೆಸ್ಟರಿನದ್ದೊಂದು.

ಖಾದಿಯನ್ನು ಮೊದಲು ನೆನೆಸಿ, ಗಂಜಿ ತೆಗೆದು ಒಣಗಿಸಿದೆ. ಕತ್ತರಿಸಿದ ಮೇಲೆ ನೀರು ತಾಗಿಸಿದರೆ ಕುಗ್ಗಿ ಅಳತೆ ಕೆಡುತ್ತದೆ. ಪಾಲಿಯೆಸ್ಟರ್ ಹೊಲಿಗೆ ಮಶೀನಿನಲ್ಲಿ ಜಾರುತ್ತದೆ. ನಮ್ಮ ಓಣಿಯ ಟೇಲರ್ ಅದರ ಕೆಳಗೆ ಹಳೇ ಪೇಪರ್ ಇಟ್ಟು ಸಮೇತ ಹೊಲಿದು, ಆಮೇಲೆ ಪೇಪರ್ ಹರಿದು ತೆಗೆದರು. ಹೊಲಿಗೆ ಗೆರೆ ಎಳೆದಂತೆ ನೇರ ಬಂತು.

ಎರಡನ್ನೂ ಪಕ್ಕಪಕ್ಕ ತೂಗುಹಾಕಿ ಹಿಂದೆ ಟ್ಯೂಬ್‌ಲೈಟ್ ಇಟ್ಟೆ. ಪಟ್ಟಿಗಳು ಕೂಡುವ ಕಡೆ ಬಟ್ಟೆ ದಪ್ಪ, ಅಲ್ಲಿ ಎರಡು ಕಪ್ಪು ಗೆರೆ ಕಾಣುತ್ತವೆ. ಖಾದಿಯಲ್ಲಿ ನೂಲಿನ ಗಂಟುಗಳೂ ಕಾಣುತ್ತವೆ. ಫ್ಯಾನ್ ಹಾಕಿದರೆ ಪಾಲಿಯೆಸ್ಟರ್ ಪಟಪಟ ಹಾರುತ್ತದೆ, ಖಾದಿ ಅಷ್ಟು ಬೇಗ ಅಲುಗುವುದಿಲ್ಲ.

ಕೃತಿ ನೋಡಲು ಬಂದವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಇದು ಯಾವ ಪಾರ್ಟೀದ್ರೀ?" ಇಬ್ಬರು ಹಿರಿಯರು ಮೇಲಿನ ಪಟ್ಟಿ ಯಾವುದು ಅಂತಲೇ ವಾದಕ್ಕೆ ನಿಂತರು. ಬಣ್ಣ ಇಲ್ಲದಿದ್ದರೆ ತಿರುಗಿಸಿ ಕಟ್ಟಿದರೂ ಒಂದೇ ಅಲ್ವಾ? ಆದರೂ ಕೇಸರಿ ಎಲ್ಲಿ, ಹಸಿರು ಎಲ್ಲಿ ಅಂತ ಬೆರಳಿಟ್ಟು ತೋರಿಸುತ್ತಿದ್ದರು. ನಾನು ಸುಮ್ನೆ ಕೇಳುತ್ತ ನಿಂತೆ. ಕೃತಿಯ ಪಕ್ಕ ವಿವರಣೆಯ ಹಾಳೆ ಅಂಟಿಸಿದ್ದೆ, ಅವತ್ತೇ ಕಿತ್ತುಹಾಕಿದೆ.

ಈಗ ಧ್ವಜ ಸಂಹಿತೆ ಹೇಳುವ ಅಳತೆಗಳಲ್ಲಿ ಅತಿ ದೊಡ್ಡದರಲ್ಲಿ, ಅಂದರೆ 6300 × 4200 ಮಿ.ಮೀ.ನಲ್ಲಿ ಇದೇ ಜೋಡಿ ಮಾಡುತ್ತಿದ್ದೇನೆ. ಅಷ್ಟು ಜಾಗ ಇರುವ ಹಾಲ್ ಇನ್ನೂ ಸಿಕ್ಕಿಲ್ಲ.