ಪಾಂಪೆ ಕಾಯಿಲೆ: ಎಂಜೈಮ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಬ್ಲಾಟ್‌ನಲ್ಲಿ ಓದೋದು ಹೇಗೆ

ಪಾಂಪೆ ಅಂದರೆ ಕೋಶ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ನನ್ನು ಒಡೆಯುವ ಆಸಿಡ್ ಆಲ್ಫಾ-ಗ್ಲುಕೋಸಿಡೇಸ್ ಎಂಬ ಎಂಜೈಮ್ ಸಾಲದೆ ಬರುವ ಆನುವಂಶಿಕ ಕಾಯಿಲೆ. ರೋಗಿಯ ಚರ್ಮದ ಫೈಬ್ರೋಬ್ಲಾಸ್ಟ್ ಕೋಶ ಕೈಗೆ ಬಂದಾಗ ಈ ಎಂಜೈಮ್ ಎಷ್ಟು ಕೆಲಸ ಮಾಡ್ತಿದೆ ಅಂತ ಅಳೆದು ಸುಮ್ಮನಾಗಬೇಡಿ. ಅದರಿಂದ ಎಂಜೈಮ್ ಸಾಲದು ಅಂತ ಗೊತ್ತಾಗುತ್ತದೆ. ಯಾಕೆ ಸಾಲದು ಅನ್ನೋದು ಗೊತ್ತಾಗಲ್ಲ. ನಾನು ಮೊದಮೊದಲು ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಈಗ ಪ್ರತಿ ಸಲ ವೆಸ್ಟರ್ನ್ ಬ್ಲಾಟ್ ಮಾಡುತ್ತೇನೆ, ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಗುರುತಿಸುತ್ತೇನೆ. ಒಂದೊಂದು ಮಾದರಿ ಓಡುವ ಸಾಲು ಲೇನ್, ಅದರಲ್ಲಿ ಕಾಣುವ ಗೆರೆ ಬ್ಯಾಂಡ್.

ಆರೋಗ್ಯವಾದ ಕೋಶದಲ್ಲಿ ಆಸಿಡ್ ಆಲ್ಫಾ-ಗ್ಲುಕೋಸಿಡೇಸ್ ಮೊದಲು 110 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ತೂಗುತ್ತದೆ. ಪ್ರೋಟೀನ್ ತಯಾರಾಗುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಸರಿಯಾಗಿ ಮಡಚಿಕೊಂಡರೆ, ಪ್ರೋಟೀನ್ ವಿಂಗಡಿಸುವ ಗಾಲ್ಜಿಗೆ ಹೋಗಿ ಮ್ಯಾನೋಸ್-6-ಫಾಸ್ಫೇಟ್ ಎಂಬ ಸಕ್ಕರೆಯ ಗುರುತು ಪಡೆಯುತ್ತದೆ. ಕೋಶದ ಬೇಡದ್ದನ್ನೆಲ್ಲ ಒಡೆಯುವ ಚೀಲವಾದ ಲೈಸೋಸೋಮ್‌ಗೆ ದಾರಿ ತೋರಿಸೋದು ಆ ಗುರುತೇ. ಆಮೇಲೆ ತುಂಡಾಗುತ್ತಾ 95, ಕೊನೆಗೆ 76 ಮತ್ತು 70 ಆಗುತ್ತದೆ. ಗ್ಲೈಕೋಜನ್ ಚೆನ್ನಾಗಿ ಒಡೆಯೋದು ಈ ಕೊನೆಯ ಎರಡೇ.

ಕೋಶವನ್ನು ಐಸ್ ಮೇಲೆ, ಪ್ರೋಟೀನ್ ತುಂಡಾಗದಂತೆ ತಡೆಯುವ ಪ್ರೋಟಿಯೇಸ್ ಇನ್ಹಿಬಿಟರ್ ಹಾಕಿ ಒಡೆಯಿರಿ. ಕೋಶ ಬೆಳೆಸಿದ ದ್ರವ, ಅಂದರೆ ಮೀಡಿಯಂ, ಚೆಲ್ಲಬೇಡಿ, ಅದನ್ನೂ ಒಂದು ಲೇನ್‌ನಲ್ಲಿ ಹಾಕಿ. ಪಕ್ಕದಲ್ಲೇ ಆರೋಗ್ಯವಂತರ ಕೋಶದ ಲೇನ್ ಇರಲಿ. 110 ಮತ್ತು 95 ಬೇರೆಯಾಗಿ ಕಾಣಬೇಕಾದರೆ ಜೆಲ್ಲನ್ನು ಸ್ವಲ್ಪ ಜಾಸ್ತಿ ಹೊತ್ತು ಓಡಿಸಬೇಕು.

ಆಂಟಿಬಾಡಿ ವಿಷಯದಲ್ಲಿ ಎಚ್ಚರ. ಒಮ್ಮೆ ಆರೋಗ್ಯವಂತರ ಲೇನ್‌ನಲ್ಲೂ 70ರ ಬ್ಯಾಂಡ್ ಕಾಣಲಿಲ್ಲ. ಎರಡು ವಾರ ಕೋಶಗಳನ್ನೇ ಅನುಮಾನಿಸಿದೆ. ಆಮೇಲೆ ನೋಡಿದರೆ, ನನ್ನ ಆಂಟಿಬಾಡಿ ಹಿಡಿಯುತ್ತಿದ್ದದ್ದು ಪ್ರೋಟೀನಿನ ಎನ್-ತುದಿಯನ್ನು. ಆ ತುದಿ ಕತ್ತರಿಸಿ ಹೋದ ಮೇಲೆಯೇ ಅಲ್ವಾ 70 ಆಗೋದು!

ಈಗ ಓದಿ. 110 ಮಾತ್ರ ದಟ್ಟವಾಗಿದ್ದು 76, 70 ಇಲ್ಲದಿದ್ದರೆ, ಮಡಚೋದು ಕೆಟ್ಟು ರೆಟಿಕ್ಯುಲಮ್‌ನಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ರೆಟಿಕ್ಯುಲಮ್‌ನಲ್ಲೇ ಉಳಿದ ಪ್ರೋಟೀನಿನ ಸಕ್ಕರೆ ಸರ ಕತ್ತರಿಸುವ ಎಂಡೋ-ಎಚ್ ಎಂಬ ಎಂಜೈಮ್ ಹಾಕಿ ನೋಡಬಹುದು, ಆದರೆ ಮ್ಯಾನೋಸ್-6-ಫಾಸ್ಫೇಟ್ ಹೊತ್ತ ಸಕ್ಕರೆ ಸರವನ್ನೂ ಅದು ಕತ್ತರಿಸುತ್ತದೆ. ಹಾಗಾಗಿ ಆರೋಗ್ಯವಂತರ ಲೇನ್ ಜೊತೆ ಹೋಲಿಸದೆ ತೀರ್ಮಾನ ಬೇಡ. ಎಲ್ಲ ಬ್ಯಾಂಡೂ ಸರಿಯಾದ ಜಾಗದಲ್ಲಿದ್ದು ತೆಳುವಾಗಿದ್ದರೆ ಸ್ಪ್ಲೈಸಿಂಗ್ ದೋಷ (ಜೀನಿನ ಆರ್‌ಎನ್‌ಎ ತುಣುಕುಗಳನ್ನು ಜೋಡಿಸುವಾಗ ಆಗುವ ತಪ್ಪು) ಹುಡುಕಿ. ದೊಡ್ಡವರಾದ ಮೇಲೆ ಕಾಣಿಸಿಕೊಳ್ಳುವ ಪಾಂಪೆಯಲ್ಲಿ ಇದು ಸಾಮಾನ್ಯ. ಬ್ಯಾಂಡ್ ಎಲ್ಲ ಚೆನ್ನಾಗಿದ್ದೂ ಕೆಲಸ ಇಲ್ಲವಾದರೆ ತೊಂದರೆ ಸಕ್ರಿಯ ಜಾಗದಲ್ಲೇ ಇರಬಹುದು. ಮೀಡಿಯಂ ತುಂಬ 110 ಇದ್ದು ಕೋಶ ಬರಿದಾಗಿದ್ದರೆ ಬೇರೆ ಲೈಸೋಸೋಮ್ ಎಂಜೈಮ್‌ಗಳನ್ನೂ ಅಳೆಯಿರಿ. ಅವೂ ಹೊರಗೇ ಇದ್ದರೆ ಅದು ಪಾಂಪೆ ಅಲ್ಲ, ಮ್ಯಾನೋಸ್-6-ಫಾಸ್ಫೇಟ್ ಗುರುತೇ ಬೀಳದ ಐ-ಸೆಲ್ ಕಾಯಿಲೆಯನ್ನು ನೋಡಬೇಕು.

ಮಡಚೋದು ಕೆಟ್ಟಿದ್ದರೆ ನನಗೆ ಆಸೆ ಹುಟ್ಟುತ್ತದೆ. ಜೀನಿನ ಕೆಲವು ರೂಪಾಂತರಗಳಲ್ಲಿ, ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಶಾಪರೋನ್ ಔಷಧಿ ಹಾಕಿ ಬೆಳೆಸಿದಾಗ 76, 70 ಮೆಲ್ಲಗೆ ಮೂಡುತ್ತವೆ. ಕೆಲಸ ಅಳೆಯೋ ಮುಂಚೆ ಔಷಧಿ ಇಲ್ಲದ ಮೀಡಿಯಂನಲ್ಲಿ ಕೋಶಗಳನ್ನು ಒಂದು ದಿನ ಇಡಿ. ಇಲ್ಲದಿದ್ದರೆ ಔಷಧಿ ಎಂಜೈಮ್‌ನ ಸಕ್ರಿಯ ಜಾಗದಲ್ಲೇ ಕೂತಿದ್ದು ಅಳತೆ ಸುಳ್ಳಾಗುತ್ತದೆ.