ವಿಷ ತಗುಲಿ ಕಾಯಿಲೆಯಾದರೆ: ವಕೀಲರ ಮನೆಗಿಂತ ಮೊದಲು ಲ್ಯಾಬಿನ ದಾರಿ

ಮನೆಯಲ್ಲೋ ಕೆಲಸದ ಜಾಗದಲ್ಲೋ ವಿಷ ತಗುಲಿ ಹಾಸಿಗೆ ಹಿಡಿದವರು ಪರಿಹಾರ ಕೇಳಲು ಹೊರಟಾಗ ಎಡವುವುದು ಕಾನೂನಿನ ಕಲಮುಗಳಲ್ಲಲ್ಲ, ತಾರೀಖುಗಳಲ್ಲಿ. ವಕೀಲರನ್ನು ಕಾಣುವ ಹೊತ್ತಿಗೆ ರಕ್ತದಲ್ಲಿದ್ದ ಸಾಕ್ಷ್ಯ ಕರಗಿರುತ್ತದೆ, ಕೆಟ್ಟ ಗೀಸರ್ ಗುಜರಿ ಸೇರಿರುತ್ತದೆ, ಉದುರುತ್ತಿದ್ದ ಗೋಡೆಗೆ ಹೊಸ ಬಣ್ಣ ಬಂದಿರುತ್ತದೆ. ಆದ್ದರಿಂದ ಯಾವುದು ಬೇಗ ಮಾಯವಾಗುತ್ತದೋ ಅದನ್ನು ಮೊದಲು ಹಿಡಿಯಬೇಕು. ಕೆಳಗಿನ ಹೆಜ್ಜೆಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದೆ.

ಹೆಜ್ಜೆ 1: ಜಾಗ ಬಿಡಿ, ಮಾದರಿ ಕೊಡಿ

ಮೊದಲು ಆ ಜಾಗದಿಂದ ಹೊರಗೆ ಬನ್ನಿ. ಸಾಕ್ಷ್ಯ ಉಳಿಸುವ ಆಸೆಗೆ ಒಳಗೇ ನಿಲ್ಲುವುದು ಮೂರ್ಖತನ. ಮುಂದಿನ ಗಡುವು ಯಾವ ವಿಷ ಎಂಬುದರ ಮೇಲೆ ನಿಂತಿದೆ.

ಎಲ್ಲಕ್ಕಿಂತ ಅವಸರದ್ದು ಕಾರ್ಬನ್ ಮೊನಾಕ್ಸೈಡ್, ಅಂದರೆ ಗೀಸರ್, ಒಲೆ ಸರಿಯಾಗಿ ಉರಿಯದಾಗ ಬರುವ ವಾಸನೆಯಿಲ್ಲದ ಅನಿಲ. ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೆ ರಕ್ತದಲ್ಲಿ ಅದರ ಪ್ರಮಾಣ 4ರಿಂದ 6 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ; ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರೆ ಒಂದು–ಒಂದೂವರೆ ಗಂಟೆ ಸಾಕು. ಚಿಕಿತ್ಸೆಯನ್ನು ಒಂದು ನಿಮಿಷವೂ ತಡೆಯದೆ, ‘ಕಾರ್ಬಾಕ್ಸಿ ಹಿಮೋಗ್ಲೋಬಿನ್ ಪರೀಕ್ಷೆಗೆ ಈಗಲೇ ರಕ್ತ ತೆಗೆಯಿರಿ, ತೆಗೆದ ಸಮಯ ಬರೆಯಿರಿ’ ಎಂದು ತುರ್ತು ವಿಭಾಗದಲ್ಲಿ ಕೇಳಿ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲನ್ನು ಈ ಅನಿಲ ಹಿಡಿದಿದೆ ಎಂದು ಆ ಪರೀಕ್ಷೆ ಹೇಳುತ್ತದೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ವಿಷ ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹಿಡಿದದ್ದೆಂದೇ ಎಣಿಸಿ 98 ಎಂದು ತೋರಿಸೀತು. ಆ 98 ನಿಮ್ಮ ಕಡತದಲ್ಲಿ ಉಳಿದರೆ ಮುಂದೆ ಎದುರಾಳಿ ವಕೀಲರು ಅದನ್ನೇ ಎತ್ತಿ ಹಿಡಿಯುತ್ತಾರೆ. ಧೂಮಪಾನ ಮಾಡುತ್ತೀರಾದರೆ ಅದನ್ನೂ ಬರೆಸಿ, ಏಕೆಂದರೆ ಸೇದದವರಲ್ಲಿ ಈ ಪರೀಕ್ಷೆಯ ಅಂಕಿ ಶೇ 4 ದಾಟಿದರೇ ಅಸಹಜ, ಸೇದುವವರಲ್ಲಿ ಶೇ 10ರವರೆಗೂ ಸಿಗರೇಟಿನದ್ದೇ ಇರಬಹುದು.

ಆರ್ಗನೊಫಾಸ್ಫೇಟ್ ಕೀಟನಾಶಕವಾದರೆ, ಆ ವಿಷ ತಗ್ಗಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ರಕ್ತದಲ್ಲಿ ನೋಡಿಸಬೇಕು. ಈ ಕಿಣ್ವದ ಸಹಜ ಮಟ್ಟ ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಾಗಾಗಿ ‘ಸಹಜ ಮಿತಿಯೊಳಗಿದೆ’ ಎಂಬ ವರದಿ ಬಂದರೂ ನಿಮ್ಮ ಮಟ್ಟಿಗೆ ಅದು ಕುಸಿದಿರಬಹುದು. ಮೊದಲೇ ಮಾಡಿಸಿದ ಪರೀಕ್ಷೆ ಇಲ್ಲದಿದ್ದರೆ, ಅದೇ ಲ್ಯಾಬಿನಲ್ಲಿ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ. ಮಟ್ಟ ಮೇಲೇರಿದ್ದರೆ ಹಿಂದೆ ಇಳಿದಿತ್ತು ಎಂಬುದಕ್ಕೆ ಆ ಏರಿಕೆಯೇ ಪುರಾವೆ. ಎರಡನೆಯ ಈ ಪರೀಕ್ಷೆ ಹೆಚ್ಚಿನವರಿಗೆ ನೆನಪಾಗುವುದೇ ಇಲ್ಲ.

ಸೀಸಕ್ಕೆ ಸ್ವಲ್ಪ ಬಿಡುವಿದೆ: ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಬೇಕು, ಮೂಳೆಯಲ್ಲಿ ಅದು ದಶಕಗಟ್ಟಲೆ ಕೂತಿರುತ್ತದೆ. ಬೆರಳು ಚುಚ್ಚಿ ತೆಗೆದ ಹನಿಗೆ ಚರ್ಮದ ಮೇಲಿನ ದೂಳು ಸೇರಬಹುದು, ಆದ್ದರಿಂದ ರಕ್ತನಾಳದಿಂದಲೇ ತೆಗೆಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲ ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಆರ್ಸೆನಿಕ್‌ಗೆ ಮೂತ್ರದ ಪರೀಕ್ಷೆ. ಹಿಂದಿನ ಮೂರು–ನಾಲ್ಕು ದಿನ ಮೀನು, ಸಿಗಡಿ ತಿಂದಿದ್ದರೆ ಅದರಲ್ಲಿನ ನಿರುಪದ್ರವಿ ಆರ್ಸೆನಿಕ್ ಸೇರಿ ಅಂಕಿ ಉಬ್ಬುತ್ತದೆ. ಟಾಲ್ಯೂಯಿನ್‌ನಂಥ ದ್ರಾವಕಗಳಿಗೆ (ಪೇಂಟ್, ಥಿನ್ನರ್‌ಗಳಲ್ಲಿರುವಂಥವು) ಪಾಳಿ ಮುಗಿದ ಕೂಡಲೇ ಮೂತ್ರ ಕೊಡಬೇಕು. ಅಲ್ಲಿ ಅಳೆಯುವ ಹಿಪ್ಯೂರಿಕ್ ಆಮ್ಲ, ಕೆಡದಂತೆ ಬೆಂಜೊಯೇಟ್ ಹಾಕಿದ ತಂಪು ಪಾನೀಯ ಕುಡಿದರೂ ಏರುತ್ತದೆ.

ಒಂದು ಎಚ್ಚರಿಕೆ. ಮೊದಲು ಔಷಧಿ ಕೊಟ್ಟು ದೇಹದ ಲೋಹವನ್ನು ಹೊರಗೆ ತಂದು, ಆಮೇಲೆ ಮೂತ್ರ ಅಳೆಯುವ ‘ಪ್ರಚೋದಿತ’ ಪರೀಕ್ಷೆಗೆ ದುಡ್ಡು ಹಾಕಬೇಡಿ. ಆರೋಗ್ಯವಂತರಲ್ಲೂ ಅದು ಅಂಕಿಯನ್ನು ಏರಿಸುತ್ತದೆ, ಹೋಲಿಸಲು ಒಪ್ಪಿತ ಮಿತಿಯೇ ಇಲ್ಲ.

ಹೆಜ್ಜೆ 2: ವೈದ್ಯರ ಕಡತದಲ್ಲಿ ಸರಿಯಾದ ಸಾಲು

‘ಕೆಮ್ಮು, ಮೂರು ತಿಂಗಳಿಂದ’ ಎಂದಷ್ಟೇ ಬರೆದರೆ ಆ ಕಡತದಿಂದ ಉಪಯೋಗವಿಲ್ಲ. ‘ಎರಡು ವರ್ಷದಿಂದ ದಿನಕ್ಕೆ 8 ಗಂಟೆ ಪೇಂಟ್ ಸ್ಪ್ರೇ ಮಾಡುತ್ತಾರೆ, ಮೂರು ತಿಂಗಳಿಂದ ಕೆಮ್ಮು, ರಜೆಯಲ್ಲಿ ಕಡಿಮೆ, ಕೆಲಸಕ್ಕೆ ಮರಳಿದ ದಿನ ಜಾಸ್ತಿ’ ಎಂದಿದ್ದರೆ ಅರ್ಧ ವಾದ ಅಲ್ಲೇ ಮುಗಿಯಿತು. ದೂರು ಕೊಟ್ಟ ಮೇಲೆ ಬರೆಸಿಕೊಂಡ ಪ್ರಮಾಣಪತ್ರಕ್ಕಿಂತ, ವ್ಯಾಜ್ಯದ ಯೋಚನೆಯೇ ಇಲ್ಲದ ದಿನ ಬಿದ್ದ ಸಾಲಿಗೆ ಬೆಲೆ ಹೆಚ್ಚು. ಸಾಧ್ಯವಾದರೆ ಔದ್ಯೋಗಿಕ ರೋಗಗಳ ತಜ್ಞರನ್ನೇ ಕಾಣಿ; ಕಲ್ಲು ದೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ಸನ್ನು ಕ್ಷಯವೆಂದು ಬರೆದು ವರ್ಷಗಟ್ಟಲೆ ಮಾತ್ರೆ ನುಂಗಿಸಿದ ಉದಾಹರಣೆಗಳು ಕಡಿಮೆಯೇನಲ್ಲ.

ಕೆಲಸದಿಂದ ಬಂದ ಆಸ್ತಮಾ ಎಂಬ ಶಂಕೆಯಿದ್ದರೆ ಪೀಕ್ ಫ್ಲೋ ಮೀಟರ್ (ಎಷ್ಟು ವೇಗವಾಗಿ ಉಸಿರು ಊದುತ್ತೀರಿ ಎಂದು ಅಳೆಯುವ ಸಣ್ಣ ಉಪಕರಣ) ಕೊಳ್ಳಿ. ದಿನಕ್ಕೆ ಕನಿಷ್ಠ ನಾಲ್ಕು ಸಲ, ನಾಲ್ಕು ವಾರ ಊದಿ ಬರೆದಿಡಿ. ರಜೆಯ ದಿನಗಳೂ ಇರಲಿ. ಗ್ರಾಫ್ ಕೆಲಸದ ದಿನಗಳಲ್ಲಿ ತಗ್ಗಿ ರಜೆಯಲ್ಲಿ ಏರಿದರೆ ಅದರಷ್ಟು ಸ್ಪಷ್ಟವಾದ ಕಾಗದ ಇನ್ನೊಂದಿಲ್ಲ. ನೆನಪಿನಿಂದ ಒಟ್ಟಿಗೆ ತುಂಬಿದ ಪಟ್ಟಿ ಮಾತ್ರ ನೋಡಿದೊಡನೆ ಗೊತ್ತಾಗುತ್ತದೆ: ಒಂದೇ ಪೆನ್ನು, ಒಂದೇ ಕೈಬರಹ, ಸೊನ್ನೆಯಲ್ಲಿ ಮುಗಿಯುವ ಅಂಕಿಗಳು.

ಹೆಜ್ಜೆ 3: ಜಾಗದ ಸಾಕ್ಷ್ಯ

ಗ್ಯಾಸ್ ಮುಚ್ಚಿ, ಕಿಟಕಿ ತೆರೆಯಿರಿ, ಆದರೆ ಕೆಟ್ಟ ಉಪಕರಣವನ್ನು ರಿಪೇರಿಗೆ ಕೊಡಬೇಡಿ, ಎಸೆಯಲೂ ಬೇಡಿ. ಸ್ವತಂತ್ರ ತಜ್ಞರು ಬಂದು ನೋಡುವ ತನಕ ಇದ್ದಲ್ಲೇ ಇರಲಿ. ಉಪಕರಣ ಮನೆ ಮಾಲೀಕರದ್ದೋ ಕಂಪನಿಯದ್ದೋ ಆಗಿದ್ದರೆ ‘ಯಥಾಸ್ಥಿತಿಯಲ್ಲಿ ಉಳಿಸಿ’ ಎಂದು ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಬಂದ ಮೇಲೂ ಸಾಕ್ಷ್ಯ ನಾಶ ಮಾಡಿದರೆ ಅದು ಅವರಿಗೇ ಮುಳುವಾಗುತ್ತದೆ.

ಸೀಸದ ಕೊಳವೆಯ ಶಂಕೆಯಿದ್ದರೆ ಕನಿಷ್ಠ 6 ಗಂಟೆ ನಲ್ಲಿ ತಿರುಗಿಸದೆ ಬಿಟ್ಟು, ಬೆಳಿಗ್ಗೆ ಬರುವ ಮೊದಲ 1 ಲೀಟರ್ ನೀರನ್ನೇ ಹಿಡಿಯಬೇಕು. ಐದು ನಿಮಿಷ ಹರಿಯಬಿಟ್ಟು ಹಿಡಿದರೆ ನೀರು ಶುದ್ಧವೆಂದೇ ವರದಿ ಬರುವ ಸಾಧ್ಯತೆ ಹೆಚ್ಚು. ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಐಎಸ್‌ಒ 17025 (ಲ್ಯಾಬುಗಳ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದೆಯೇ, ಅದು ಈ ಪರೀಕ್ಷೆಗೇ ಇದೆಯೇ ಎಂದು ಕೇಳಿ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ತೆಗೆದರು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಸಹಿಯೊಂದಿಗೆ ಬರೆದ ಹಾಳೆ ಜೊತೆಗಿರಬೇಕು. ಆ ಸರಪಳಿ ಒಂದು ಕಡೆ ಕಡಿದರೆ ವರದಿಯ ತೂಕವೂ ಹೋಯಿತು.

ಫೋಟೊ ತೆಗೆದಾಗ ಪಕ್ಕದಲ್ಲಿ ಅಳತೆ ಪಟ್ಟಿ ಇಡಿ. ಮೂಲ ಫೈಲು ಫೋನಿನಲ್ಲೇ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ಸಮಯ, ಸ್ಥಳದ ವಿವರ ಅಳಿಸಿಹೋಗುತ್ತದೆ.

ಕಾರ್ಖಾನೆಯಲ್ಲಾದರೆ ಬಳಸಿದ ರಾಸಾಯನಿಕದ ಸುರಕ್ಷತಾ ಮಾಹಿತಿ ಹಾಳೆಯನ್ನು ಲಿಖಿತವಾಗಿ ಕೇಳಿ. ಅದರ 16 ಭಾಗಗಳಲ್ಲಿ 3 (ಏನೇನಿದೆ), 8 (ಯಾವ ರಕ್ಷಣೆ ಬೇಕು), 11 (ದೇಹಕ್ಕೇನಾಗುತ್ತದೆ) ನಿಮಗೆ ಮುಖ್ಯ. ಎಂಟನೆಯ ಭಾಗ ಉಸಿರಾಟದ ಮಾಸ್ಕ್ ಬೇಕೆಂದಿದ್ದು, ನಿಮಗೆ ಕೊಟ್ಟದ್ದು ಬಟ್ಟೆಯ ತುಂಡಾದರೆ ನಿರ್ಲಕ್ಷ್ಯ ಅಲ್ಲೇ ಅಚ್ಚಾಗಿದೆ. ಹಾಳೆ ಕೊಡದಿದ್ದರೆ ಡ್ರಮ್ಮಿನ ಲೇಬಲ್ ಮೇಲಿನ ಹೆಸರು, ಸಿಎಎಸ್ ಸಂಖ್ಯೆ (ರಾಸಾಯನಿಕದ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಕದ್ದು ಕಡತ ತರುವುದು, ಬೇಲಿ ಹಾರಿ ಮಾದರಿ ತರುವುದು ಬೇಡ. ಗೆಲ್ಲುವ ಕೇಸು ಅದರಿಂದಲೇ ಕೆಡುತ್ತದೆ.

ಹೆಜ್ಜೆ 4: ವಕೀಲರ ಎದುರು

ಒಂದೇ ಹಾಳೆಯ ಕಾಲಪಟ್ಟಿ ಒಯ್ಯಿರಿ: ಎಡಕ್ಕೆ ತಾರೀಖು, ನಡುವೆ ಘಟನೆ, ಬಲಕ್ಕೆ ದಾಖಲೆಯ ಸಂಖ್ಯೆ. ಸಿಗರೇಟು, ಹಳೆಯ ಕಾಯಿಲೆ, ಹಿಂದಿನ ಕೆಲಸ ಯಾವುದನ್ನೂ ಮುಚ್ಚಿಡಬೇಡಿ. ಎದುರಾಳಿ ಮೊದಲು ಅಗೆಯುವುದು ಅದನ್ನೇ.

ಮೊದಲ ಪ್ರಶ್ನೆ, ಕಾಲಮಿತಿ. ಗಡಿಯಾರ ವಿಷ ತಗುಲಿದ ದಿನದಿಂದ ಓಡುತ್ತದೆಯೋ, ರೋಗ ಪತ್ತೆಯಾದ ದಿನದಿಂದಲೋ, ಕಾರಣ ಗೊತ್ತಾದ ದಿನದಿಂದಲೋ? ಇದು ದೇಶಕ್ಕೊಂದು, ಕಾಯ್ದೆಗೊಂದು. ಕಲ್ನಾರಿನ (ಆಸ್ಬೆಸ್ಟಾಸ್) ಎಳೆ ದೇಹ ಹೊಕ್ಕು 20–40 ವರ್ಷವಾದ ಮೇಲೆ ಮೆಸೊಥೆಲಿಯೋಮ (ಹೆಚ್ಚಾಗಿ ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್) ಕಾಣಿಸುವುದರಿಂದ ಇದರ ಮೇಲೇ ಕೇಸು ಉಳಿಯುವುದು, ಬೀಳುವುದು ನಿಂತಿದೆ.

ಎರಡನೆಯದು, ಯಾವ ದಾರಿ. ಕೆಲಸಗಾರರ ಪರಿಹಾರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಮಾಲೀಕರ ತಪ್ಪು ಸಾಬೀತು ಮಾಡಬೇಕಿಲ್ಲ. ಮೊತ್ತ ಮಾತ್ರ ಸೂತ್ರಕ್ಕೆ ಕಟ್ಟುಬಿದ್ದದ್ದು. ಸಿವಿಲ್ ದಾವೆಯಲ್ಲಿ ಮೊತ್ತ ಹೆಚ್ಚು, ಹೊರೆಯೂ ಹೆಚ್ಚು: ಈ ವಸ್ತು ಈ ರೋಗ ತರಬಲ್ಲದು, ನನಗೂ ಅದೇ ತಂದಿತು ಎಂಬೆರಡನ್ನೂ ತೋರಿಸಬೇಕು. ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ. ಹಲವೆಡೆ ಪರಿಹಾರ ಕಾಯ್ದೆಯ ದಾರಿ ಹಿಡಿದರೆ ಮಾಲೀಕರ ಮೇಲಿನ ಸಿವಿಲ್ ದಾವೆಯ ದಾರಿ ಮುಚ್ಚುತ್ತದೆ, ಆದರೆ ರಾಸಾಯನಿಕ ತಯಾರಕರ ಮೇಲಿನದು ತೆರೆದಿರಬಹುದು. ಅರ್ಜಿ ತುಂಬುವ ಮೊದಲೇ ಕೇಳಿಕೊಳ್ಳಿ. ಹಲವು ಮಾಲೀಕರ ಕೈಕೆಳಗೆ ದುಡಿದವರು ‘ಯಾರ ದೂಳೆಂದು ಹೇಗೆ ಹೇಳಲಿ’ ಎಂದು ಕೈಚೆಲ್ಲಬೇಕಿಲ್ಲ. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2002ರ ಫೇರ್‌ಚೈಲ್ಡ್ ಪ್ರಕರಣದಲ್ಲಿ, ಯಾವ ಎಳೆ ಯಾರ ಕಾರ್ಖಾನೆಯದೆಂದು ತೋರಿಸಲಾಗದ ಕಲ್ನಾರು ಸಂತ್ರಸ್ತರ ಹಕ್ಕನ್ನು ಒಪ್ಪಿತು.

ಫೀಸನ್ನು ಬರವಣಿಗೆಯಲ್ಲಿ ಪಡೆಯಿರಿ. ತಜ್ಞ ಸಾಕ್ಷಿಯ ಖರ್ಚು, ಸೋತರೆ ಎದುರಾಳಿಯ ಖರ್ಚು ಯಾರ ತಲೆಗೆ ಎಂಬುದೂ ಅದರಲ್ಲಿರಲಿ. ಗೆದ್ದರೆ ಪಾಲು ಎಂಬ ಒಪ್ಪಂದ ಅಮೆರಿಕದಲ್ಲಿ ರೂಢಿ, ಭಾರತದ ವಕೀಲರಿಗೆ ಅದು ನಿಷಿದ್ಧ. ಕೈಯಲ್ಲಿ ಕಾಸಿಲ್ಲದಿದ್ದರೆ ಕಾನೂನು ನೆರವಿನ ಕಚೇರಿ ಮೊದಲು.

ಹೆಜ್ಜೆ 5: ಸಹಿ ಹಾಕುವ ಮುನ್ನ

ದಾವೆ ಹೂಡುವ ಮೊದಲೇ ಆಸ್ಪತ್ರೆ ಬಿಲ್ಲು ಕಟ್ಟುತ್ತೇವೆಂದು ಕಂಪನಿಯವರು ಬರಬಹುದು. ದುಡ್ಡಿನ ಜೊತೆ ಬರುವ ಕಾಗದದಲ್ಲಿ ‘ಪೂರ್ಣ ಮತ್ತು ಅಂತಿಮ’, ‘ಮುಂದೆ ಯಾವುದೇ ಹಕ್ಕು ಇರುವುದಿಲ್ಲ’ ಎಂಬ ಮಾತುಗಳನ್ನು ಹುಡುಕಿ. ಇವತ್ತಿನ ಕೆಮ್ಮಿಗೆ ಪರಿಹಾರ ಪಡೆದವರು ನಾಳೆಯ ಕ್ಯಾನ್ಸರ್‌ಗೂ ಸಹಿ ಹಾಕಿಬಿಟ್ಟಿರುತ್ತಾರೆ. ಒಪ್ಪಂದ ಬೇಕೇ ಬೇಕಾದರೆ ಮುಂದಿನ ತಪಾಸಣೆಯ ಖರ್ಚು ಎಷ್ಟು ವರ್ಷ, ಯಾವ ಪರೀಕ್ಷೆ, ಯಾರು ಕಟ್ಟುತ್ತಾರೆ ಎಂದು ಸಾಲು ಸಾಲಾಗಿ ಬರೆಸಿ, ಇನ್ನೂ ಕಾಣಿಸದ ರೋಗಗಳನ್ನು ಹೊರಗಿಡುವಂತೆ ಕೇಳಿ. ಕನ್ನಡದಲ್ಲಿ ಓದಿ ಹೇಳದ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟನ್ನೂ ಒತ್ತಬೇಡಿ.